ಮಾರದೆ ಉಳಿಸಿದ ಟಗರು

ಟಗರು ಕೊಳ್ಳಲು ಬಂದವನು ಅದರ ಮುಖ ನೋಡುತ್ತ ನಿಂತರೆ ದಲ್ಲಾಳಿಗೆ ಅಂದೇ ಹಬ್ಬ ಎಂದು ನನ್ನ ಸೋದರಮಾವ ಹೇಳುತ್ತಿದ್ದರು. ಅವರದು ತಿ. ನರಸೀಪುರ ತಾಲ್ಲೂಕು, ಬನ್ನೂರಿನ ಆಸುಪಾಸಿನ ಊರು. ನಮ್ಮದು ನಂಜನಗೂಡಿನ ಕಡೆ, ಕಬಿನಿ ನಾಲೆಯ ನೀರು ಇನ್ನೂ ಬಾರದಿದ್ದ ಎರೆಹೊಲದ ಊರು. ಸಂತೆಯಲ್ಲಿ ಟಗರುಗಳನ್ನು ಸಾಲಾಗಿ ಕಟ್ಟಿದ್ದಾಗ ಜನ ಮುಂದಿನಿಂದ ನೋಡುತ್ತ ಬರೋರು. ಮಾವ ಮಾತ್ರ ಸಾಲಿನ ಹಿಂದೆ, ಹಿಕ್ಕೆ ತುಳಿದುಕೊಂಡು, ನಿಧಾನವಾಗಿ ಹೋಗೋರು. “ಮುಂದ್ಲಿಂದ ನೋಡುದ್ರೆ ಮಕ ಕಾಣ್ತದೆ ಅಳಿಮಯ್ಯ. ಹಿಂದ್ಲಿಂದ ನೋಡು, ಬರೋ ವರ್ಸದ ಮಂದೆ ಕಾಣ್ತದೆ” ಅನ್ನೋರು.

ಬನ್ನೂರು ತಳಿಯ ಅಸಲು ಗುರುತು ಇರುವುದು ಹಿಂಭಾಗದಲ್ಲೇ. ಹಿಂಗಾಲುಗಳು ಒಂದಕ್ಕೊಂದು ದೂರ ನಿಂತಿರುತ್ತವೆ. ತೊಡೆಯ ಒಳಬದಿಯ ಮಾಂಸ ಕೀಲಿನ ಹತ್ತಿರದವರೆಗೂ ಇಳಿದಿರುತ್ತದೆ, ಮೇಲೆ ಎರಡೂ ಕಡೆಯದು ದುಂಡಗೆ ಕೂಡಿಕೊಂಡಿರುತ್ತದೆ. ತಲೆಕೆಳಗು ಮಾಡಿದ ಇಂಗ್ಲಿಷಿನ ಯು ಅಕ್ಷರ ಎಂದು ಪಶುವೈದ್ಯರ ಪುಸ್ತಕಗಳು ಇದನ್ನು ವರ್ಣಿಸುತ್ತವೆ. ಉಳಿದ ಲಕ್ಷಣಗಳೆಲ್ಲ ಆಮೇಲೆ: ಗಿಡ್ಡ ಕಾಲು, ಅಗಲ ಬೆನ್ನು, ಕೊಂಬಿಲ್ಲದ ಬೋಳು ತಲೆ, ಜೋತುಬಿದ್ದ ಉದ್ದ ಕಿವಿ, ತೆಳುವಾದ ಚಿಕ್ಕ ಬಾಲ, ಬಿಳಿ ಮೈ, ಕೆಲವಕ್ಕೆ ಮುಖದ ಮೇಲೆ ತಿಳಿ ಕಂದು. ಹಲವಕ್ಕೆ ಗಂಟಲ ಕೆಳಗೆ ಜೋಡಿ ಮಣಿ ತೂಗುತ್ತಿರುತ್ತವೆ. ಮಣಿ ಇದ್ದರೆ ಅಪ್ಪಟ ಬನ್ನೂರು ಎಂದು ವ್ಯಾಪಾರಿಗಳು ಆಣೆ ಇಡುತ್ತಾರೆ. ಮಾವ ನಗೋರು. ಬೆರಕೆ ಮರಿಗೂ ಮಣಿ ಬರುತ್ತದೆ, ಮಣಿಯಿಲ್ಲದ ಅಪ್ಪಟವೂ ಉಂಟು. ತೊಡೆ ಮಾತ್ರ ಸುಳ್ಳು ಹೇಳುವುದಿಲ್ಲ.

ನಾವು ಇದನ್ನು ಬನ್ನೂರು ಕುರಿ ಎನ್ನುತ್ತೇವೆ. ಮಳವಳ್ಳಿ ಕಡೆಯವರು ಬಂಡೂರು ಎನ್ನುತ್ತಾರೆ. ಸರ್ಕಾರದ ತಳಿಪಟ್ಟಿಯಲ್ಲಿ ಮಂಡ್ಯ ಎಂದಿದೆ. ಹೆಸರಿಗಾಗಿ ಎರಡು ಜಿಲ್ಲೆಯವರು ವಾದಕ್ಕೆ ನಿಂತದ್ದನ್ನು ನೋಡಿದ್ದೇನೆ. ಕುರಿಗೆ ಅದರಿಂದ ಒಂದು ಹಿಡಿ ಸೊಪ್ಪೂ ಹೆಚ್ಚಿಗೆ ಸಿಕ್ಕಿದ್ದಿಲ್ಲ.

ಆ ಕಾಲದಲ್ಲಿ ಕುರಿ ಸಾಕುವವರಿಗಿದ್ದಷ್ಟು ಬೀಜದ ಚಿಂತೆ ದನ ಸಾಕುವವರಿಗೆ ಇರಲಿಲ್ಲ. ಊರಿನಲ್ಲಿ ದೇವರಿಗೆ ಬಿಟ್ಟ ಬಸವ ಇರೋದು. ಅದು ಯಾರ ಹೊಲ ಮೇಯ್ದರೂ ಬಯ್ಯುವಂತಿಲ್ಲ, ಯಾರ ಹಸು ಬೆದೆಗೆ ಬಂದರೂ ಅದನ್ನು ಕೇಳುವಂತಿಲ್ಲ. ಒಳ್ಳೆಯ ಹಳ್ಳಿಕಾರ್ ಗಂಡುಕರುವನ್ನು ಹುಡುಕಿ ದೇವರಿಗೆ ಬಿಡುವುದು ಹರಕೆಯೂ ಆಗಿತ್ತು, ಊರಿನ ದನದ ತಳಿ ಕಾಯುವ ಉಪಾಯವೂ ಆಗಿತ್ತು. ಎತ್ತು ಬೇಕಾದವರು ಸುತ್ತೂರು ಜಾತ್ರೆಗೋ ಮುಡುಕುತೊರೆ ಜಾತ್ರೆಗೋ ಹೋಗಿ, ಸುಳಿ, ಕೊಂಬು, ಗೊರಸು ನೋಡಿ, ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸೋರು. ಕುರಿಗೆ ಬಸವ ಎಂಬುದಿಲ್ಲ. ದೇವರಿಗೆ ಬಿಟ್ಟ ಟಗರು ಎಂದರೆ ಮಾರಿಹಬ್ಬಕ್ಕೆ ಹೋಗುವ ಟಗರು ಎಂದೇ ಲೆಕ್ಕ. ಹಾಗಾಗಿ ಬೀಜದ ಟಗರನ್ನು ಆರಿಸುವ ಹೊಣೆ ಸಾಕುವವನ ಮೇಲೇ. ಕುರಿಯೊಂದು ಕೆಟ್ಟದಿದ್ದರೆ ವರ್ಷಕ್ಕೆ ಒಂದು ಮರಿ ಕೆಟ್ಟೀತು. ಟಗರು ಕೆಟ್ಟದಿದ್ದರೆ ಆ ವರ್ಷ ಹುಟ್ಟಿದ್ದೆಲ್ಲ ಕೆಟ್ಟಂತೆ.

ನಮ್ಮ ಮನೆಗೆ ಈ ಕುರಿ ಬಂದದ್ದು ಅವ್ವನ ಬಳುವಳಿಯಾಗಿ. ತವರಿನಿಂದ ಅವಳ ಜೊತೆ ಬಂದ ಕುರಿಗಳು ಬೆಳೆದು ಇಪ್ಪತ್ತರ ಸುಮಾರಿಗೆ ಮುಟ್ಟಿದವು. ಟಗರು ಮಾತ್ರ ಮನೆಯಲ್ಲೇ ಹುಟ್ಟಿದ್ದು, ಅದರಪ್ಪನೂ ಮನೆಯಲ್ಲೇ ಹುಟ್ಟಿದ್ದು. ಮೊದಮೊದಲು ಯಾರಿಗೂ ಏನೂ ಅನ್ನಿಸಲಿಲ್ಲ. ಆಮೇಲೆ ಮರಿಗಳು ವರ್ಷದಿಂದ ವರ್ಷಕ್ಕೆ ಚಿಕ್ಕವಾಗುತ್ತ ಹೋದವು. ಬನ್ನೂರು ಮರಿ ಹುಟ್ಟುವಾಗ ಎರಡು ಕೆ.ಜಿ. ಸುಮಾರು ತೂಗಬೇಕು. ನಮ್ಮವು ಅಂಗೈ ಮೇಲೆ ಹಿಡಿಸುವ ಹಾಗಿದ್ದವು. ಒಂದು ಮರಿಯಂತೂ ಕೆಳದವಡೆ ಗಿಡ್ಡವಾಗಿ, ಹಲ್ಲು ಮೇಲಿನ ಒಸಡಿಗೆ ಕೂಡದೆ, ಹುಲ್ಲು ಕಚ್ಚಲಾರದೆ ಹೋಯಿತು. ಅಪ್ಪ ಮೇವು ಸಾಲದು ಎಂದರು. ಅವ್ವ ಒಂದೇ ಮಾತಿನಲ್ಲಿ ಹೇಳಿದಳು: “ಮೇವಲ್ಲ ಕನ, ಮಗಳಿಗೆ ಅಪ್ಪನ್ನೇ ಕಟ್ಟಿದ್ರೆ ಇನ್ನೇನಾದದು?” ಅಪ್ಪ ಎದ್ದು ಹೊರಗೆ ಹೋದರು. ನನ್ನನ್ನು ಬನ್ನೂರಿನ ಕಡೆಗೆ ಕಳಿಸುವುದೆಂದು ಅವತ್ತೇ ತೀರ್ಮಾನವಾಯಿತು.

ಬೀಜದ ಟಗರನ್ನು ಸಂತೆಯಲ್ಲಿ ಕೊಳ್ಳಬಾರದು ಎಂಬುದು ಮಾವನ ಮೊದಲ ಪಾಠ. ಸಂತೆಗೆ ಬರುವ ಟಗರಿಗೆ ತಾಯಿಯಿಲ್ಲ, ಊರಿಲ್ಲ, ಅಣ್ಣತಮ್ಮಂದಿರಿಲ್ಲ. ಬೆಳಿಗ್ಗೆ ಉಪ್ಪು ನೆಕ್ಕಿಸಿ ಹೊಟ್ಟೆ ತುಂಬ ನೀರು ಕುಡಿಸಿ ತಂದಿರುತ್ತಾರೆ, ಅದು ಉಬ್ಬಿ ದುಂಡಗೆ ನಿಂತಿರುತ್ತದೆ. ತಾಯಿಯಂತೆ ಮಗಳು ಅನ್ನುವ ಗಾದೆ ಟಗರಿಗೂ ಸಲ್ಲುತ್ತದೆ. ತಾಯಿಗೆ ಹಾಲಿದ್ದರೆ ಅದರ ಮಗನಿಂದ ಹುಟ್ಟಿದ ಹೆಣ್ಣುಮರಿಗೂ ಹಾಲು ಬರುತ್ತದೆ. ಹಾಗಾಗಿ ನಾವು ಮನೆಮನೆ ಹುಡುಕಿಕೊಂಡು ಹೋದೆವು. ಬನ್ನೂರಿನಿಂದ ಸೋಮನಾಥಪುರದ ಕಡೆಗೆ ಹೋಗುವ ರಸ್ತೆಯಿಂದ ಒಳಗಿರುವ ಊರುಗಳಲ್ಲಿ ಆಗ ಕುರಿಯಿಲ್ಲದ ಮನೆ ಕಡಿಮೆ. ದೊಡ್ಡ ಮಂದೆ ಯಾರದೂ ಅಲ್ಲ, ಮನೆಗೆ ನಾಲ್ಕು, ಎಂಟು. ಹೆಂಗಸರು ಜಗಲಿಯ ಮೇಲೆ ಕುಳಿತು ಅಗಸೆ ಸೊಪ್ಪನ್ನು ಮುಷ್ಟಿಮುಷ್ಟಿ ಮಾಡಿ ಮರಿಯ ಬಾಯಿಗೆ ಇಡುತ್ತಿದ್ದರು. ರೇಷ್ಮೆ ಸಾಕುವ ಮನೆಗಳಲ್ಲಿ ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಕುರಿಯ ಪಾಲು. ಹೊಯ್ಸಳರ ಕಾಲದಲ್ಲಿ, 1258ರಲ್ಲಿ ಕಟ್ಟಿದ ಕೇಶವ ದೇವಾಲಯ ನೋಡಲು ಊರೂರಿನಿಂದ ಜನ ಬರುತ್ತಾರೆ. ಆ ಹಾದಿಯಲ್ಲಿ ನಾನು ಕುರಿಯ ತೊಡೆ ನೋಡಿದಷ್ಟು ಗುಡಿಯ ಗೋಡೆ ನೋಡಲಿಲ್ಲ.

ಒಂದು ಮನೆಯ ಮುಂದೆ ಕಟ್ಟಿದ್ದ ಟಗರು ನೋಡಿ ನನ್ನ ಬಾಯಿ ಬಿಟ್ಟುಹೋಯಿತು. ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಮೈ. ಬೆನ್ನ ಮೇಲೆ ಕೈಯಿಟ್ಟರೆ ಮೂಳೆಯೇ ಸಿಗದು. ಬಕ್ರೀದಿಗೆಂದು ರಾಗಿ, ಹಿಂಡಿ ಕೊಟ್ಟು ಮೇಯಿಸಿದ್ದು. ಮಾವ ಅದನ್ನು ಒಂದು ಸುತ್ತು ಹಾಕಿ ನೋಡಿ, ಚೆನ್ನಾಗಿದೆ ಎಂದು ಹೇಳಿ, ನೇರ ರೊಪ್ಪದ ಕಡೆಗೆ ನಡೆದರು. ಅಲ್ಲಿ ಕುರಿಗಳ ನಡುವೆ ಇನ್ನೊಂದು ಟಗರಿತ್ತು. ಅದು ಅಷ್ಟು ದಪ್ಪವಿಲ್ಲ, ಮೈ ತುಸು ಕೊಳೆಯಾಗಿತ್ತು. ಮಾವ ಒಳಗೆ ನುಗ್ಗಿ ಅದರ ಕುತ್ತಿಗೆಯನ್ನು ತೊಡೆಸಂದಿಗೆ ಸಿಕ್ಕಿಸಿಕೊಂಡು ತುಟಿ ಎತ್ತಿದರು. ನಾಲ್ಕು ಹಲ್ಲು, ಅಂದರೆ ಎರಡು ವರ್ಷದ ಆಸುಪಾಸು. ಮೊದಲ ಜೋಡಿ ಹಲ್ಲು ವರ್ಷ ತುಂಬಿ ಕೆಲವು ತಿಂಗಳಿಗೆ ಬರುತ್ತದೆ, ಆಮೇಲೆ ವರ್ಷಕ್ಕೆ ಒಂದು ಜೋಡಿಯಂತೆ ಸೇರಿ, ಎಂಟಾದರೆ ಬಾಯಿಗೂಡಿತು. ಆಮೇಲೆ ಕಣ್ಣಿನ ರೆಪ್ಪೆ ಮಡಚಿ ಒಳಗಿನ ಬಣ್ಣ ನೋಡಿದರು. ಕೆಂಪಗಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳುವಿದೆ ಎಂದು ಅರ್ಥ.

ಕೊನೆಗೆ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತು ಬೀಜವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗೆಳೆದರು. ನನ್ನ ಕೈಯನ್ನೂ ಹಿಡಿಸಿದರು. ಎರಡೂ ಒಂದೇ ಗಾತ್ರ, ಬೆಚ್ಚಗೆ, ಅದುಮಿದರೆ ಬಿಗಿಯಾಗಿ ತಿರುಗಿ ನಿಲ್ಲುತ್ತಿದ್ದವು. “ಕಲ್ಲಾಗೂ ಇರಬಾರ್ದು, ಬೆಣ್ಣೆಯಾಗೂ ಇರಬಾರ್ದು” ಎಂದರು. ತುದಿಯಲ್ಲಿ ಗಂಟುಗಿಂಟು ಸಿಗುತ್ತದೆಯೇ ಎಂದು ಬೆರಳಾಡಿಸಲು ಹೇಳಿದರು. ಅಂಥ ಗಂಟಿಗೆ ಬ್ರೂಸೆಲ್ಲಾ ರೋಗಾಣು ಕಾರಣವಿರಬಹುದು, ಆ ಜಾತಿಯ ಕೆಲವು ರೋಗಾಣು ಮನುಷ್ಯರಿಗೂ ತಗಲುತ್ತವೆ, ಕಂದು ಹಾಕಿದ ಮಾಸನ್ನು ಬರಿಗೈಯಲ್ಲಿ ಮುಟ್ಟಬಾರದು ಎಂದು ಎಷ್ಟೋ ವರ್ಷದ ಮೇಲೆ ಒಬ್ಬ ಪಶುವೈದ್ಯರು ವಿವರಿಸಿದರು. ಮಾವನಿಗೆ ರೋಗದ ಹೆಸರು ಗೊತ್ತಿರಲಿಲ್ಲ. ಗಂಟಿದ್ದ ಟಗರು ಕಟ್ಟಿದರೆ ಕುರಿ ಗಬ್ಬ ನಿಲ್ಲುವುದಿಲ್ಲ ಎಂಬುದು ಗೊತ್ತಿತ್ತು. ಒಂದೇ ಬೀಜ ಇಳಿದ ಟಗರು ಎಷ್ಟೇ ಚೆಲುವಿದ್ದರೂ ಬೇಡ, ಆ ಊನ ಮಕ್ಕಳಿಗೂ ಇಳಿಯುತ್ತದೆ ಎಂದೂ ಹೇಳುತ್ತಿದ್ದರು.

“ಇದ ಕೊಡೀರಾ ತಾಯಿ?” ಎಂದು ಮಾವ ಕೇಳಿದಾಗ ಆ ಮನೆಯ ಯಜಮಾನಿ ಸೆರಗಿನಲ್ಲಿ ಕೈ ಒರೆಸಿಕೊಂಡು ನಕ್ಕರು. “ಎಲ್ರೂ ಬಾಗ್ಲಲ್ಲಿರೋದ್ನ ಕೇಳ್ತಾರೆ, ನೀನು ರೊಪ್ಪಕ್ಕೆ ಕೈ ಹಾಕ್ದಲ್ಲಪ್ಪ. ಇದ ಕೊಡಾಕಿಲ್ಲ. ಇದು ನಮ್ಮ ಕುರಿಗೆ ಮಡಗಿರೋದು.” ಮಾವ ಬಿಡಲಿಲ್ಲ. ರೊಪ್ಪದಲ್ಲಿದ್ದ ಮರಿಗಳೆಲ್ಲ ಯಾವುದರವು ಎಂದು ಕೇಳಿದರು. ಇದರವೇ. ಹೆಣ್ಣುಮರಿಗಳು ಮುಂದಿನ ವರ್ಷ ಬೆದೆಗೆ ಬರುತ್ತವಲ್ಲ, ಆಗ ಇದೇ ಟಗರನ್ನು ಬಿಡುತ್ತೀರಾ ಎಂದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ದೀಪಾವಳಿ ಕಳೆಯಲಿ ಎಂದರು. ಅಷ್ಟರಲ್ಲಿ ತಮ್ಮ ಕುರಿಗಳೆಲ್ಲ ಗಬ್ಬವಾಗಿರುತ್ತವೆ, ಆಮೇಲೆ ಒಂದಿಷ್ಟು ದುಡ್ಡು, ಜೊತೆಗೆ ನಮ್ಮ ಮಂದೆಯಿಂದ ಬೇರೆ ರಕ್ತದ ಒಂದು ಹೆಣ್ಣುಮರಿ. ವ್ಯವಹಾರ ಹಾಗೆ ಮುಗಿಯಿತು.

ಹೊಸ ಟಗರುಮರಿ ತಂದರೆ ಅದೃಷ್ಟದಾಟ. ಇದಕ್ಕಾದರೆ ಹುಟ್ಟಿದ ಮರಿಗಳೇ ಸಾಕ್ಷಿ ನಿಂತಿದ್ದವು. ಮರಿಗಳು ಮೂರು ತಿಂಗಳಿಗೆ ಎಷ್ಟು ಬೆಳೆದಿವೆ, ಹಿಂದಿನಿಂದ ಹೇಗೆ ಕಾಣುತ್ತವೆ ಎಂದು ಕಣ್ಣಾರೆ ನೋಡಬಹುದಿತ್ತು. ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸಬೇಕು ಎಂದು ಈಗ ಇಲಾಖೆಯವರು ಹೇಳುತ್ತಾರೆ. ಬದಲಾಯಿಸಿದ ಟಗರು ಕಟುಕರ ಅಂಗಡಿಗೇ ಹೋಗಬೇಕಾಗಿಲ್ಲ. ಇನ್ನೊಂದು ಊರಿನ ರೊಪ್ಪಕ್ಕೆ ಹೋದರೆ ಎರಡು ಮನೆಗೂ ಲಾಭ.

ಟಗರು ಬಂದ ಮೇಲೆ ಅದನ್ನು ತಕ್ಷಣ ಮಂದೆಗೆ ಬಿಡಲಿಲ್ಲ, ಬೇರೆ ಕಡೆ ಕಟ್ಟಿ ಕೆಮ್ಮು, ಭೇದಿ ಏನಾದರೂ ಇದೆಯೇ ಎಂದು ನೋಡಿಕೊಂಡೆವು. ನಮ್ಮ ಹಳೆಯ ಟಗರು ಅಷ್ಟರಲ್ಲಿ ಮಾರಾಟವಾಗಿತ್ತು.

ಹೊಸ ಟಗರಿಗೆ ಮೇವು ಹಾಕುವ ಜವಾಬ್ದಾರಿಯನ್ನು ಅವ್ವ ಯಾರಿಗೂ ಬಿಟ್ಟುಕೊಡಲಿಲ್ಲ. ಅವಳ ಅಳತೆ ಪಾವು. ರಾತ್ರಿ ಒಂದು ಪಾವು ಹುರುಳಿ ನೆನೆಹಾಕಿ ಬೆಳಿಗ್ಗೆ ಅದಕ್ಕೆ ಒಡೆದ ಮುಸುಕಿನ ಜೋಳ, ಒಂದು ಹಿಡಿ ಕಡಲೆಕಾಯಿ ಹಿಂಡಿ, ಚಿಟಿಕೆ ಕಲ್ಲುಪ್ಪು ಸೇರಿಸೋಳು. ಎಲ್ಲ ಸೇರಿ ಅಚ್ಚೇರು ಮೀರುವಂತಿಲ್ಲ, ಅದೂ ಎರಡು ಹೊತ್ತಿಗೆ ಹಂಚಿ. ಈಗಿನ ತೂಕದಲ್ಲಿ ಹೇಳುವುದಾದರೆ 35 ಕೆ.ಜಿ. ತೂಗುವ ಟಗರಿಗೆ ದಿನಕ್ಕೆ 300ರಿಂದ 500 ಗ್ರಾಂ. ಉಳಿದ ಹೊಟ್ಟೆ ತುಂಬಬೇಕಾದದ್ದು ಹುಲ್ಲು, ಸೊಪ್ಪಿನಿಂದ: ಹೊಲದ ಬದುವಿನ ಗರಿಕೆ, ಹಲಸಿನ ಸೊಪ್ಪು, ಅಗಸೆ, ಒಣಮೇವಿಗೆ ಹುರುಳಿ ಹೊಟ್ಟು, ಅವರೆ ಹೊಟ್ಟು, ಕಡಲೆಕಾಯಿ ಬಳ್ಳಿ. ಕಾಳು ಹೆಚ್ಚಿಸುವಾಗ ಒಂದೇ ದಿನದಲ್ಲಿ ಸುರಿಯುತ್ತಿರಲಿಲ್ಲ, ವಾರವೆರಡು ವಾರ ತೆಗೆದುಕೊಂಡು ಹಿಡಿಹಿಡಿಯಾಗಿ ಏರಿಸೋಳು. ಹಸಿದ ಕುರಿಗೆ ಕಾಳಿನ ಮೂಟೆ ಸಿಕ್ಕಿದರೆ ಹೊಟ್ಟೆ ಹುಳಿಯಾಗಿ ಬೆಳಗಾಗುವುದರೊಳಗೆ ಕಾಲು ಚಾಚಿರುತ್ತದೆ. ಕರುಳು ಬೇನೆಯೂ ಹೀಗೆ ಮೇವು ಸಮೃದ್ಧವಾಗಿ ಸಿಕ್ಕಿದಾಗಲೇ ಹೊಂಚುಹಾಕುವುದು. ಮುಂಗಾರಿಗೆ ಮೊದಲೇ ಅದರ ಲಸಿಕೆ ಹಾಕಿಸುವುದು ಅದಕ್ಕೇ.

ಟಗರಿನ ಮೇವಿನಲ್ಲಿ ಬಹಳ ಜನ ಎಡವುವುದು ಅಳತೆಯಲ್ಲಲ್ಲ, ಹೊತ್ತಿನಲ್ಲಿ. ಗಂಡಿನ ವೀರ್ಯ ಒಂದೆರಡು ದಿನದಲ್ಲಿ ಆಗುವಂಥದ್ದಲ್ಲ. ಬೀಜದೊಳಗೆ ಅದು ಹುಟ್ಟಿ ಬಲಿಯಲು ಏಳು ವಾರದಷ್ಟು ಹಿಡಿಯುತ್ತದೆ. ಇವತ್ತು ಹಾಕಿದ ಹುರುಳಿಯ ಫಲ ಸುಮಾರು ಎರಡು ತಿಂಗಳಿನ ಮೇಲೆ ಕಾಣಿಸುವುದು. ಭಾದ್ರಪದ, ಆಶ್ವಯುಜದಲ್ಲಿ ಹಾರಿಸಬೇಕಾದ ಟಗರಿಗೆ ಆಷಾಢ ಕಳೆಯುತ್ತಿದ್ದಂತೆ ಪಾವು ತೆಗೆಯಬೇಕು. ಅವ್ವನಿಗೆ ಏಳು ವಾರದ ಶಾಸ್ತ್ರ ಯಾರೂ ಹೇಳಿರಲಿಲ್ಲ. ಅವಳ ತವರಿನಲ್ಲಿ ಶ್ರಾವಣದ ಮೊದಲ ಸೋಮವಾರ ಟಗರಿಗೆ ಹುರುಳಿ ಶುರುಮಾಡುವುದು ವಾಡಿಕೆ, ಅಷ್ಟೆ. ಬೇಸಿಗೆಯ ಬಿಸಿಯೂ ಇದೇ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳಿನ ಕಾವಿಗೆ ಬೀಜ ಬಿಸಿಯಾದರೆ ಮಳೆ ಬಿದ್ದು ತಂಪಾದ ಮೇಲೂ ವಾರಗಟ್ಟಲೆ ಗಬ್ಬ ನಿಲ್ಲುವುದಿಲ್ಲ. ಜನ ಕುರಿಯನ್ನು ಬಯ್ಯುತ್ತಾರೆ. ಉಣ್ಣೆ ಕತ್ತರಿಸಿ, ಹುಣಸೆಮರದ ನೆರಳಲ್ಲಿ ಕಟ್ಟಿ, ನೀರಿನ ಬಾನಿ ಪಕ್ಕದಲ್ಲಿಡಬೇಕಾದದ್ದು ಆ ಬೇಸಿಗೆಯಲ್ಲಿ.

ದಪ್ಪಗಾದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮ ಊರಿನಲ್ಲಿ ಬಲವಾಗಿತ್ತು. ನಮ್ಮ ದಾಯಾದಿ ದೊಡ್ಡಪ್ಪನೊಬ್ಬರು ನಮ್ಮ ಟಗರಿನ ಮೇಲೆ ಜಿದ್ದಿಗೆ ಬಿದ್ದು ತಾವೂ ಒಂದು ತಂದು, ಅಕ್ಕಿ ಗಿರಣಿಯಿಂದ ಮೂಟೆ ಮೂಟೆ ತೌಡು ತರಿಸಿ, ಭತ್ತದ ಹುಲ್ಲಿನ ಜೊತೆ ಅದೊಂದನ್ನೇ ಹಾಕಿದರು. ಟಗರು ನೋಡುವಂತಾಯಿತು. ಊರವರು ಅದನ್ನು ಹೊಗಳಿ ನಮ್ಮದನ್ನು ಬಡಕಲು ಎಂದರು. ಒಂದು ದಿನ ಅದು ಹಿಂಗಾಲು ಚಾಚಿ ನಿಂತು ತಿಣುಕುತ್ತಿತ್ತು, ಮಲಬದ್ಧತೆ ಇರಬೇಕೆಂದು ಎಣ್ಣೆ ಕುಡಿಸಿದರು. ಅವ್ವ ಹೋಗಿ ನೋಡಿ ಅದರ ಹೊಟ್ಟೆಯ ಕೆಳಗೆ ಕೈಯಿಟ್ಟಳು. ಉಚ್ಚೆ ಬರುವ ತುದಿಯ ಕೂದಲಿಗೆ ಬಿಳಿಯ ಹರಳು ಅಂಟಿಕೊಂಡಿತ್ತು, ಉಪ್ಪಿನ ಕಣದಷ್ಟು ಸಣ್ಣದು, ಬೆರಳಲ್ಲಿ ಉಜ್ಜಿದರೆ ಗರಗರ ಎನ್ನುತ್ತಿತ್ತು. ಉಚ್ಚೆ ತೊಟ್ಟುತೊಟ್ಟಾಗಿ ಬಂದು ನಿಂತುಹೋಗಿತ್ತು. ಡಾಕ್ಟರು ಬರುವ ಹೊತ್ತಿಗೆ ಒಳಗೆ ಚೀಲ ಒಡೆದಿತ್ತು.

ತೌಡಿನಲ್ಲಿ ರಂಜಕದ ಅಂಶ ಹೆಚ್ಚು, ಸುಣ್ಣದ ಅಂಶ ಕಡಿಮೆ. ಕಾಳು, ತೌಡು ಅತಿಯಾಗಿ ನೀರು ಕಡಿಮೆಯಾದರೆ ಗಂಡುಕುರಿಯ ಕಿರಿದಾದ ಮೂತ್ರನಾಳದಲ್ಲಿ ಹರಳು ಕಟ್ಟುತ್ತದೆ. ಹೆಣ್ಣಿಗೆ ನಾಳ ಅಗಲ, ಅದು ಪಾರಾಗುತ್ತದೆ. ಸೊಪ್ಪು, ಹೊಟ್ಟು ಮೇವಿನಲ್ಲಿ ಸುಣ್ಣ ಇರುತ್ತದೆ. ಖನಿಜ ಮಿಶ್ರಣವನ್ನು ಈಗ ಎಲ್ಲ ಕಡೆ ಮಾರುತ್ತಾರೆ. ಉಪ್ಪು ನೆಕ್ಕಿದ ಟಗರು ನೀರು ಕುಡಿಯುತ್ತದೆ, ನೀರು ಕುಡಿದರೆ ನಾಳ ತೊಳೆದುಹೋಗುತ್ತದೆ. ಅವ್ವನ ಚಿಟಿಕೆ ಕಲ್ಲುಪ್ಪಿಗೆ ಅಷ್ಟು ಕೆಲಸವಿತ್ತು. ಈ ತೊಂದರೆಯಿಂದ ತಪ್ಪಿಸಿಕೊಂಡ ದಪ್ಪ ಟಗರೂ ಬೀಜಕ್ಕೆ ಬಾರದು. ನಾಲ್ಕು ಹೆಜ್ಜೆ ಓಡಿ ಏದುಸಿರು ಬಿಡುತ್ತದೆ. ಕುರಿ ಬೆದೆಗೆ ಬಂದು ಮುಂದೆ ನಿಂತಿದ್ದರೂ ಮಲಗಿ ಮೆಲುಕು ಹಾಕುತ್ತದೆ. ಬೆನ್ನ ಮೇಲೆ ಅಂಗೈಯಿಟ್ಟರೆ ಮೂಳೆಯ ತುದಿ ಚುಚ್ಚಬಾರದು, ಆದರೆ ಅದುಮಿದರೆ ಸಿಗಬೇಕು. ಹಾರುವ ಕಾಲ ಮುಗಿಯುವಷ್ಟರಲ್ಲಿ ಅದು ತನ್ನ ತೂಕದ ಹತ್ತರಲ್ಲೊಂದು ಪಾಲನ್ನೋ ಅದಕ್ಕಿಂತ ಹೆಚ್ಚನ್ನೋ ಕಳೆದುಕೊಳ್ಳುತ್ತದೆ. ಕಳೆದುಕೊಳ್ಳಲು ಅಷ್ಟು ಇರಲಿ, ಅದಕ್ಕಿಂತ ಹೆಚ್ಚು ಬೇಡ.

ಹಾರಿಸುವ ಕಾಲದಲ್ಲಿ ಟಗರಿನ ಎದೆಗೆ ಜಾಜನ್ನು ಎಣ್ಣೆಯಲ್ಲಿ ಕಲಸಿ ಬಳಿಯುತ್ತಿದ್ದೆವು. ಬೆಳಿಗ್ಗೆ ರೊಪ್ಪ ತೆಗೆದಾಗ ಯಾವ ಕುರಿಯ ಸೊಂಟದ ಮೇಲೆ ಕೆಂಪು ಇದೆ ಎಂದು ನೋಡುವುದು ನನ್ನ ಕೆಲಸ. ಕುರಿಯ ಬೆದೆ 17 ದಿನಕ್ಕೊಮ್ಮೆ ತಿರುಗಿ ಬರುತ್ತದೆ. ಒಮ್ಮೆ ಕೆಂಪಾದ ಕುರಿ ಆಮೇಲೆ ಮತ್ತೆ ಕೆಂಪಾಗದಿದ್ದರೆ ಗಬ್ಬ ನಿಂತಿತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು, ಅಲ್ಲಿಂದ ಐದು ತಿಂಗಳು ಎಣಿಸುವುದು. ಎಲ್ಲ ಕುರಿಗಳೂ ಮತ್ತೆ ಮತ್ತೆ ಕೆಂಪಾಗುತ್ತಿದ್ದರೆ ದೋಷ ಟಗರಿನದು. ಕಾಲವಲ್ಲದ ಕಾಲದಲ್ಲಿ ಹಾರದಂತೆ ಅದರ ಹೊಟ್ಟೆಯ ಕೆಳಗೆ ಗೋಣಿಯ ತುಂಡು ಕಟ್ಟುತ್ತಿದ್ದೆವು. ಅದನ್ನು ಕಟ್ಟಿಕೊಂಡು ಟಗರು ಓಡಾಡುವುದು ನೋಡಿ ಶಾಲೆಯ ಹುಡುಗರು ನಗೋರು. ಆದರೆ ಆಶ್ವಯುಜದಲ್ಲಿ ಗಬ್ಬವಾದದ್ದು ಶಿವರಾತ್ರಿ, ಯುಗಾದಿಯ ನಡುವೆ ಈಯುತ್ತದೆ. ಆಗ ಹೊಲದಲ್ಲಿ ಹುರುಳಿ, ಅವರೆ ಬಡಿದು ಹೊಟ್ಟು ಬಿದ್ದಿರುತ್ತದೆ, ತಾಯಿಗೆ ಹಾಲಿರುತ್ತದೆ. ಆ ಲೆಕ್ಕ ತಪ್ಪಿದರೆ ಮರಿ ಜಡಿಮಳೆಯ ಕೆಸರಿನಲ್ಲಿ ಹುಟ್ಟುತ್ತದೆ.

ಎರಡನೆಯ ವರ್ಷ ನಮ್ಮ ಗಂಡುಮರಿಗಳು ಹಿಂದಿನಿಂದ ನೋಡಿದರೆ ಮಾವನೂ ತಲೆದೂಗುವ ಹಾಗೆ ಬಂದವು. ಕಷ್ಟ ಶುರುವಾದದ್ದು ಅಲ್ಲಿಂದ. ಬಕ್ರೀದ್ ಹಬ್ಬ ವರ್ಷವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ, ಹಬ್ಬಕ್ಕೆ ಕೊಳ್ಳುವವರು ಅಷ್ಟೇ ಮುಂಚೆ ಮೈಸೂರಿನಿಂದ ಬರುತ್ತಾರೆ. ಅವರೂ ಹಲ್ಲು ನೋಡುತ್ತಾರೆ, ಊನವಿದೆಯೇ ನೋಡುತ್ತಾರೆ, ಕಿವಿ ಹರಿದಿದೆಯೇ, ಕುಂಟುತ್ತದೆಯೇ ಎಂದು ನಡೆಸಿ ನೋಡುತ್ತಾರೆ. ಮಾವನ ಕಣ್ಣಿಗೂ ಅವರ ಕಣ್ಣಿಗೂ ಅಂಥ ವ್ಯತ್ಯಾಸವಿರಲಿಲ್ಲ. ಹಾಗಾಗಿ ಮಂದೆಯಲ್ಲಿ ಯಾವುದು ಎಲ್ಲಕ್ಕಿಂತ ಬೇಗ ಬೆಳೆದಿದೆಯೋ ಅದಕ್ಕೇ ಮೊದಲು ಬೆಲೆ ಕಟ್ಟುತ್ತಾರೆ. ಅಪ್ಪ ಕೈಗೆ ಬಂದ ದುಡ್ಡು ಬಿಡುವವರಲ್ಲ. ಸಾಲವಿತ್ತು, ಅಕ್ಕನ ಮದುವೆಯಿತ್ತು. ಹೋದದ್ದು ಮೊದಲನೆಯ ಮರಿ, ಮುಂದಿನ ವರ್ಷ ಮತ್ತೆ ಮೊದಲನೆಯದೇ. ಕೊಳ್ಳುವವರು ಬೇಡವೆಂದು ಬಿಟ್ಟುಹೋದ ಸೊರಗುಮರಿ ಊರಿನ ಟಗರಾಗುತ್ತದೆ. ಹಾಗೆ ನಾಲ್ಕು ಸಲ ನಡೆದರೆ ತಳಿ ತಾನಾಗಿ ಕೆಳಗಿಳಿಯುತ್ತದೆ. ಬನ್ನೂರು ಕುರಿಗೆ ಹಾನಿ ಮಾಡಿದ್ದು ಅದನ್ನು ತಿನ್ನುವವರಲ್ಲ, ಮಾರುವ ನಾವು. ತಿನ್ನುವವರಿಲ್ಲದಿದ್ದರೆ ಇಂಥ ಮಾಂಸದ ತಳಿಯನ್ನು ಯಾರೂ ಸಾಕುತ್ತಲೂ ಇರಲಿಲ್ಲ.

ಅವ್ವ ಇದಕ್ಕೆ ತನ್ನದೇ ದಾರಿ ಕಂಡುಕೊಂಡಳು. ಮೂರು ತಿಂಗಳು ತುಂಬಿದ ಗಂಡುಮರಿಗಳಲ್ಲಿ ತಾನು ಆರಿಸಿದ ಒಂದರ ಕಿವಿಯ ಅಂಚನ್ನು ಬ್ಲೇಡಿನಲ್ಲಿ ಚೂರು ಸೀಳಿಬಿಡೋಳು. ಕಿವಿ ಹರಿದ ಟಗರನ್ನು ಕುರ್ಬಾನಿಗೆ ಕೊಳ್ಳಲು ಹಿಂಜರಿಯುತ್ತಾರೆ. ಅಪ್ಪನಿಗೆ ಗೊತ್ತಾದ ದಿನ ದೊಡ್ಡ ರಂಪವಾಯಿತು. ಆ ಮರಿ ಮುಂದೆ ಇನ್ನೊಂದು ಊರಿನ ರೊಪ್ಪಕ್ಕೆ ಟಗರಾಗಿ ಹೋಯಿತು. ಅಲ್ಲಿಂದ ಬೇರೆ ರಕ್ತದ ಒಂದು ನಮ್ಮಲ್ಲಿಗೆ ಬಂತು.

ಆಮೇಲಿನ ವರ್ಷಗಳಲ್ಲಿ ಇನ್ನೊಂದು ಆಸೆ ಹರಡಿತು, ಎತ್ತರದ ಕುರಿಯ ಆಸೆ. ಬಡಗಲ ಜಿಲ್ಲೆಗಳಿಂದ ಬರುವ ಯಳಗ, ಕೆಂಗುರಿ ಟಗರುಗಳು ಉದ್ದ ಕಾಲು, ದೊಡ್ಡ ಮೈ. ಅವನ್ನು ಕಟ್ಟಿದರೆ ಮರಿ ಬೇಗ ತೂಕ ಬರುತ್ತದೆ ಎಂದು ಬಹಳ ಜನ ಕಟ್ಟಿದರು. ತೂಕ ಬಂತು. ಆದರೆ 25 ಕೆ.ಜಿ. ಆಸುಪಾಸಿನ ಗಿಡ್ಡ ಬನ್ನೂರು ಕುರಿಯ ಹೊಟ್ಟೆಯಲ್ಲಿ ದೊಡ್ಡ ಮರಿ ಬೆಳೆದರೆ ಈಯುವಾಗ ತಿಣುಕಬೇಕು. ಎರಡು ತಲೆಮಾರು ಕಳೆದರೆ ತೊಡೆಯೂ ಹೋಯಿತು, ಮಾಂಸದೊಳಗೆ ಹಾಸುಹೊಕ್ಕಾಗಿ ಕೊಬ್ಬು ಸೇರಿದ ಆ ರುಚಿಯೂ ಹೋಯಿತು. ಬೆರಕೆ ಮಾಡಬಾರದೆಂದು ನಾನು ಹೇಳುವುದಿಲ್ಲ, ಹೊಟ್ಟೆಪಾಡು ಅವರವರದು. ಬೆರಕೆ ಕುರಿಯನ್ನು ಬನ್ನೂರು ಎಂದು ಮಾರುವುದು ಮಾತ್ರ ಮೋಸ. ಹೋಟೆಲ್ ಬೋರ್ಡುಗಳಲ್ಲಿ ಬನ್ನೂರು ಕುರಿ ಎಂದು ಬರೆದಿರುವಷ್ಟು ಕುರಿ ಬನ್ನೂರಿನಲ್ಲಿ ಖಂಡಿತ ಇಲ್ಲ.

ಈಗ ಅಪ್ಪಟ ಟಗರಿಗೆ ಲಕ್ಷ ರೂಪಾಯಿ ದಾಟಿದ ಬೆಲೆ ಬಂತು, ಮಾಲೆ ಹಾಕಿ ಮೆರವಣಿಗೆ ಮಾಡಿದರು ಎಂಬ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತವೆ. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವಿದೆ, ನಾಗಮಂಗಲದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಅವು ತಳಿ ಉಳಿಸುವ ಕೆಲಸ ಮಾಡುತ್ತಿವೆ. ಆದರೆ ಎರಡು ಕೇಂದ್ರದ ಟಗರು ಊರೂರಿನ ಕುರಿಗೆಲ್ಲ ಸಾಲುವುದಿಲ್ಲ. ದೊಡ್ಡ ಟಗರೊಂದು ನಿಭಾಯಿಸುವುದು 25, 30 ಕುರಿ. ನಮ್ಮ ಕಡೆ ಈಗ ಮನೆಗೆ ಐದೋ ಆರೋ ಕುರಿ ಇರುವುದೇ ಹೆಚ್ಚು. ಐದು ಕುರಿಗಾಗಿ ಒಂದು ಟಗರನ್ನು ವರ್ಷವಿಡೀ ಹುರುಳಿ ಹಾಕಿ ಸಾಕುವುದು ಯಾರಿಗೂ ಗಿಟ್ಟುವುದಿಲ್ಲ, ಅದಕ್ಕೇ ಸಿಕ್ಕಿದ್ದನ್ನು ಹಾರಿಸುತ್ತಾರೆ.

ಕುರಿ ಸಾಕುವ ನೆಂಟರು ಕೇಳಿದಾಗ ನಾನು ಹೇಳುವುದಿಷ್ಟು. ನಾಲ್ಕೈದು ಮನೆಯವರು ಸೇರಿ ಒಂದು ಟಗರು ಇಟ್ಟುಕೊಳ್ಳಿ, ಕಾಳಿನ ಖರ್ಚು ಹಂಚಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಕಬಿನಿಯ ಈಚೆಯವರು ಕಾವೇರಿಯ ಆಚೆಯವರೊಡನೆ ಟಗರು ಬದಲಾಯಿಸಿಕೊಳ್ಳಿ. ಕೊಳ್ಳುವವರು ಬರುವ ಮೊದಲೇ, ಮೂರು ತಿಂಗಳಿಗೆ, ಮರಿಗಳನ್ನು ತೂಗಿ ಮೊದಲನೆಯದನ್ನು ಬೇರೆ ಕಟ್ಟಿ, ಉಳಿದವನ್ನು ಒಳ್ಳೆಯ ಬೆಲೆಗೆ ಮಾರಿ. ಮೊದಲನೆಯದಕ್ಕೆ ಎಷ್ಟೇ ಬೆಲೆ ಹೇಳಿದರೂ ಆ ವರ್ಷ ಕೊಡಬೇಡಿ.